ಸ್ವಿಚ್ಚಿಲ್ಲದ ವಿದ್ಯುತ್ತು

(ದತ್ತಿ ಉಪನ್ಯಾಸದ ಪಠ್ಯ)

ಮನೆಯೊಳಗಿನ ಪ್ರತಿಯೊಂದು ವಿದ್ಯುತ್ ಸಾಧನಕ್ಕೂ ಒಂದು ಸ್ವಿಚ್ ಇರುತ್ತದೆ. ಮಿಕ್ಸಿ ಕೆಟ್ಟರೆ ಪ್ಲಗ್ ಕೀಳಬಹುದು, ಗೀಸರ್ ವಾಸನೆ ಬಂದರೆ ಎಂಸಿಬಿ ಇಳಿಸಬಹುದು, ವೈರಿಂಗೇ ಕೈಕೊಟ್ಟರೆ ಮೇನ್ ಆಫ್ ಮಾಡಿ ಪವರ್‌ಮ್ಯಾನ್‌ಗೆ ಫೋನ್ ಹಚ್ಚಬಹುದು. ತಾರಸಿಯ ಮೇಲಿನ ಸೋಲಾರ್ ಪ್ಯಾನೆಲ್‌ಗೆ ಮಾತ್ರ ಈ ಸೌಕರ್ಯವಿಲ್ಲ. ಬೆಳಕು ಬೀಳುವಷ್ಟು ಹೊತ್ತೂ ಅದರ ಎರಡು ತಂತಿಗಳ ತುದಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಇನ್ವರ್ಟರ್ ಆಫ್ ಆಗಿರಲಿ, ಮೀಟರನ್ನೇ ಕಿತ್ತಿಟ್ಟಿರಲಿ, ಪ್ಯಾನೆಲ್ ಇನ್ನೂ ಗೂಡ್ಸ್ ಆಟೊದಿಂದ ಇಳಿಯದೆ ಬಿಸಿಲಿಗೆ ಮುಖ ಮಾಡಿ ಕುಳಿತಿರಲಿ, ಅದಕ್ಕೆ ವ್ಯತ್ಯಾಸವಿಲ್ಲ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚೇಪಿನ್, ಫುಲ್ಲರ್ ಮತ್ತು ಪಿಯರ್ಸನ್ ತೋರಿಸಿದ ಸಿಲಿಕಾನ್ ಕೋಶ ಬಿಸಿಲಿನ ಶೇ 6ರಷ್ಟನ್ನು ವಿದ್ಯುತ್ತಾಗಿಸುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವ ಪ್ಯಾನೆಲ್ ಶೇ 20ನ್ನು ದಾಟಿದೆ. ದಕ್ಷತೆ ಮೂರು ಪಟ್ಟು ಮೀರಿ ಬೆಳೆಯಿತು, ಪ್ಯಾನೆಲ್‌ಗೆ ಸ್ವಿಚ್ ಮಾತ್ರ ಬರಲಿಲ್ಲ.

ಸ್ವಿಚ್ ಇಲ್ಲದ ಕಡೆ ಆ ಕೆಲಸವನ್ನು ಮಾಡಬೇಕಾದದ್ದು ಕೆಲಸದ ಕ್ರಮ. ಯಾವುದನ್ನು ಮೊದಲು ಕೂಡಿಸಬೇಕು, ಯಾವುದನ್ನು ಕೊನೆಯವರೆಗೂ ಬಿಡಿಯಾಗಿ ಇಡಬೇಕು, ಬಿಚ್ಚುವಾಗ ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲಿ ಜೀವ ಇದೆ. ಈ ಉಪನ್ಯಾಸದ ವಾದ ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಆಧಾರ.

ಈ ಮಾತಿಗೆ ಈಗ ತುರ್ತು ಬಂದಿರುವುದಕ್ಕೆ ಕಾರಣವಿದೆ. 2024ರ ಫೆಬ್ರುವರಿ 29ರಂದು ಕೇಂದ್ರ ಸಚಿವ ಸಂಪುಟ ‘ಪಿಎಂ ಸೂರ್ಯ ಘರ್’ ಯೋಜನೆಗೆ 75,021 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿತು. ಗುರಿ, ಒಂದು ಕೋಟಿ ಮನೆಗಳ ಮೇಲೆ ಸೌರ ವಿದ್ಯುತ್. 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿ, 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ. ಕರ್ನಾಟಕಕ್ಕೆ ಸೌರ ವಿದ್ಯುತ್ ಹೊಸದೇನಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವ್ಯಾಟ್‌ನ ಪಾರ್ಕ್ ನಿಂತಿದೆ. ಆದರೆ ಪಾವಗಡದಂಥ ಕಡೆ ಬೇಲಿ ಇದೆ, ಎಂಜಿನಿಯರ್ ಇದ್ದಾರೆ, ನೆಲ ಸಮತಟ್ಟಾಗಿದೆ, ಯಾರೂ ಎತ್ತರದಿಂದ ಬೀಳುವುದಿಲ್ಲ. 30×40 ಸೈಟಿನ ಮೂರನೇ ಮಹಡಿಯ ಮೇಲೆ ಇರುವುದು ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಮೊಣಕಾಲೆತ್ತರದ ಪ್ಯಾರಾಪೆಟ್ ಗೋಡೆ, ಒಂದು ಹಗ್ಗ, ಮೂವರು ಹುಡುಗರು. ಸೌರ ವಿದ್ಯುತ್ತಿನ ಅಪಾಯದ ಲೆಕ್ಕ ಶುರುವಾಗುವುದು ಇಲ್ಲಿಂದ.

ಇಂದು ಹೆಚ್ಚು ಬಳಕೆಯಲ್ಲಿರುವ 540 ವ್ಯಾಟ್‌ನ ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ, 28 ಕೆ.ಜಿ.ಯ ಆಸುಪಾಸಿನ ತೂಕ. ಎದುರಿಗೆ 3.2 ಮಿಲಿಮೀಟರ್ ದಪ್ಪದ ಟಫನ್ಡ್ ಗಾಜು. ಇಪ್ಪತ್ತೆಂಟು ಕೆ.ಜಿ. ಎಂದರೆ ಸಿಮೆಂಟ್ ಚೀಲ ಹೊತ್ತು ರೂಢಿಯಿರುವವರಿಗೆ ಏನೂ ಅಲ್ಲ. ಹಾಗೆಂದೇ ನಮ್ಮ ಊರುಗಳಲ್ಲಿ ಅದನ್ನು ಒಬ್ಬನೇ ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಾನೆ. ತೂಕ ತಡೆದೀತು, ಗಾಳಿ ತಡೆಯದು. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಗಾಳಿಯ ಒತ್ತಡಕ್ಕೆ ಒಂದು ಸರಳ ಸೂತ್ರ ಕೊಡುತ್ತದೆ: ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಬೀಳುವ ಬಲ ಸಿಗುತ್ತದೆ. ಪ್ಯಾನೆಲ್‌ನ ವಿಸ್ತೀರ್ಣ ಸುಮಾರು 2.6 ಚದರ ಮೀಟರ್. ಗಂಟೆಗೆ 36 ಕಿ.ಮೀ. ವೇಗದ ಗಾಳಿ, ಅಂದರೆ ಆಷಾಢದಲ್ಲಿ ಹುಬ್ಬಳ್ಳಿ ಧಾರವಾಡದ ಕಡೆ ಯಾರೂ ಗಮನಕ್ಕೇ ತೆಗೆದುಕೊಳ್ಳದ ಗಾಳಿ, ಅದನ್ನು 16 ಕೆ.ಜಿ.ಯಷ್ಟು ಬಲದಿಂದ ಪಕ್ಕಕ್ಕೆ ನೂಕುತ್ತದೆ. ಪ್ಯಾರಾಪೆಟ್ ಅಂಚಿನಲ್ಲಿ ಇದ್ದಕ್ಕಿದ್ದಂತೆ ಬರುವ ಆ ನೂಕುವಿಕೆಗೆ ಸಿಕ್ಕವನು ಕೈಯಲ್ಲಿರುವ ದುಬಾರಿ ವಸ್ತುವನ್ನು ಬಿಡುವುದಿಲ್ಲ. ಅದರ ಜೊತೆಗೇ ಹೋಗುತ್ತಾನೆ.

ಆದ್ದರಿಂದ ಒಂದು ಪ್ಯಾನೆಲ್‌ಗೆ ಇಬ್ಬರು. ಉದ್ದದ ಎರಡು ಫ್ರೇಮ್‌ಗಳನ್ನು ಹಿಡಿದು, ಗಾಜು ಲಂಬವಾಗಿರುವಂತೆ ಸಾಗಿಸುವುದು. ಹಿಂಬದಿಯ ಜಂಕ್ಷನ್ ಬಾಕ್ಸಿನಿಂದ ಇಳಿಬಿದ್ದ ಕೇಬಲನ್ನು ಹಿಡಿಕೆ ಮಾಡಿಕೊಳ್ಳುವಂತಿಲ್ಲ. ಗಾಳಿ ಜೋರಿದ್ದ ದಿನ ಕೆಲಸವೇ ಇಲ್ಲ ಎನ್ನುವ ಮೇಸ್ತ್ರಿ ಸಿಕ್ಕರೆ ಮನೆಯವರು ಅವನಿಗೆ ಒಂದು ದಿನದ ಕೂಲಿ ಹೆಚ್ಚೇ ಕೊಡಬಹುದು.

ತಲೆಹೊರೆಗೆ ಇನ್ನೊಂದು ಆಕ್ಷೇಪವಿದೆ, ಅದು ಕಣ್ಣಿಗೆ ಕಾಣದು. ಗಾಜಿನ ಕೆಳಗಿರುವ ಸಿಲಿಕಾನ್ ಬಿಲ್ಲೆಗಳು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತಲೂ ತೆಳು. ಪ್ಯಾನೆಲ್‌ನ ನಡುವೆ ತಲೆ ಕೊಟ್ಟು ಹೊತ್ತರೆ ಎರಡು ತುದಿಗಳು ಬಾಗುತ್ತವೆ, ಗಾಜು ಬಾಗಿ ಮತ್ತೆ ನೇರವಾಗುತ್ತದೆ, ಬಿಲ್ಲೆಗಳು ಬಿರುಕು ಬಿಡುತ್ತವೆ. ಹೊರಗಿನಿಂದ ನೋಡಿದರೆ ಹೊಚ್ಚ ಹೊಸ ಪ್ಯಾನೆಲ್. ಕತ್ತಲಲ್ಲಿ ಅದಕ್ಕೆ ಹೊರಗಿನಿಂದ ವಿದ್ಯುತ್ ಹಾಯಿಸಿ ಎಲೆಕ್ಟ್ರೊಲ್ಯುಮಿನಿಸೆನ್ಸ್ ಚಿತ್ರ ತೆಗೆದರೆ ಮಾತ್ರ ಬಿರುಕಿನ ಜಾಲ ಕಾಣುತ್ತದೆ. ಬಾಂಬೆ ಐಐಟಿಯ ರಾಷ್ಟ್ರೀಯ ದ್ಯುತಿವಿದ್ಯುತ್ ಸಂಶೋಧನಾ ಕೇಂದ್ರ ಮತ್ತು ಗುರುಗ್ರಾಮದ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ 2013ರಿಂದ ದೇಶದಾದ್ಯಂತ ಪ್ಯಾನೆಲ್‌ಗಳ ಆರೋಗ್ಯ ಸಮೀಕ್ಷೆ ನಡೆಸುತ್ತ ಬಂದವು. ದೊಡ್ಡ ಸ್ಥಾವರಗಳಿಗಿಂತ ತಾರಸಿಯ ಸಣ್ಣ ಘಟಕಗಳಲ್ಲಿ ಸವಕಳಿ ಹೆಚ್ಚೆಂಬುದು ಅಲ್ಲಿ ಕಂಡುಬಂತು. ಒರಟಾಗಿ ಸಾಗಿಸಿದ್ದರ, ಹೇಗೆಂದರೆ ಹಾಗೆ ಕೂರಿಸಿದ್ದರ ಗುರುತುಗಳು ಆ ಪ್ಯಾನೆಲ್‌ಗಳೊಳಗೆ ಇದ್ದವು. ತೊಳೆಯುವಾಗ ಪ್ಯಾನೆಲ್ ಮೇಲೆ ಕಾಲಿಟ್ಟು ನಡೆಯುವುದೂ ಇದೇ ಹಾನಿ ಮಾಡುತ್ತದೆ. ಬಿರುಕು ಬಿಟ್ಟ ಬಿಲ್ಲೆ ವಿದ್ಯುತ್ ಕೊಡುವುದನ್ನು ಬಿಟ್ಟು ಉಳಿದವುಗಳ ವಿದ್ಯುತ್ತಿಗೆ ಅಡ್ಡ ನಿಂತು ಬಿಸಿಯೇರುತ್ತದೆ; ಹಿಂಬದಿಯ ಹಾಳೆ ಕಂದುಗಟ್ಟುವುದು ಅದೇ ಜಾಗದಲ್ಲಿ.

ಬೀಳುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೆ ಸಿಮೆಂಟ್ ಶೀಟಿನ ಬಗ್ಗೆ ಹೇಳಲೇಬೇಕು. ಕೋಳಿ ಫಾರಂ, ಗೋಡೌನ್, ಸಣ್ಣ ಕಾರ್ಖಾನೆಗಳ ಮೇಲೆ ಹೊದಿಸಿದ ಕಲ್ನಾರು ಶೀಟು ಹಳೆಯದಾದಷ್ಟೂ ಗಟ್ಟಿಯಾಗಿ ಕಾಣುತ್ತದೆ. ಕೆಳಗೆ ಅದನ್ನು ಹೊತ್ತಿರುವ ಪರ್ಲಿನ್ ಪಟ್ಟಿ ಬಿಟ್ಟು ಎರಡು ಅಂಗುಲ ಆಚೆ ಕಾಲಿಟ್ಟರೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಬೆಳಕಿಗೆಂದು ನಡುನಡುವೆ ಹಾಕಿದ ಫೈಬರ್ ಶೀಟು ಧೂಳು ಕೂತು ಅಕ್ಕಪಕ್ಕದ ಬಣ್ಣಕ್ಕೇ ತಿರುಗಿರುತ್ತದೆ. ಅಗಲದ ಹಲಗೆ ಹಾಸಿ ಅದರ ಮೇಲಷ್ಟೇ ನಡೆಯಬೇಕು. ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಫೋಟೊ ತೆಗೆಸಿಕೊಳ್ಳುವುದು ಸುರಕ್ಷತೆಯಲ್ಲ. ಭುಜ, ತೊಡೆ ಸುತ್ತುವ ಪೂರ್ಣ ಹಾರ್ನೆಸ್ ಬೇಕು, ಅದರ ಹಗ್ಗದ ಇನ್ನೊಂದು ತುದಿ ಕಟ್ಟಡದ ಗಟ್ಟಿ ಭಾಗಕ್ಕೆ ಕಟ್ಟಿರಬೇಕು. ಈಗಷ್ಟೇ ನಿಲ್ಲಿಸಿದ, ಬೋಲ್ಟು ಬಿಗಿಯದ ಸೋಲಾರ್ ಸ್ಟ್ರಕ್ಚರಿಗೇ ಅದನ್ನು ಸಿಕ್ಕಿಸಿದವರನ್ನು ಯಾವ ಊರಿನಲ್ಲಾದರೂ ನೋಡಬಹುದು.

ಇನ್ನು ವಿದ್ಯುತ್ತಿನ ಮಾತು. 3 ಕಿಲೋವ್ಯಾಟ್‌ನ ಮನೆಗೆ ಸಾಮಾನ್ಯವಾಗಿ 540 ವ್ಯಾಟ್‌ನ ಆರು ಪ್ಯಾನೆಲ್‌ಗಳನ್ನು ಒಂದರ ಹಿಂದೊಂದು ಕೂಡಿಸುತ್ತಾರೆ. ಹೊರೆಯಿಲ್ಲದಾಗ ಒಂದೊಂದರ ವೋಲ್ಟೇಜ್ ಸುಮಾರು 50. ‘ಸ್ಟ್ರಿಂಗ್’ ಎನ್ನುವ ಈ ಸರಪಳಿ ಪೂರ್ತಿಯಾದಾಗ 300 ವೋಲ್ಟ್ ಡಿಸಿ. ತಣ್ಣಗಿದ್ದಷ್ಟೂ ವೋಲ್ಟೇಜ್ ಏರುವುದರಿಂದ ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಇನ್ನೂ ಹತ್ತು ಹನ್ನೆರಡು ವೋಲ್ಟ್ ಹೆಚ್ಚೇ ತೋರಿಸೀತು. ಮನೆ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಜೇಬಿನಲ್ಲಿ ಇರುವುದು ಟೆಸ್ಟರ್. ಅದನ್ನು ತಂತಿಗೆ ತಾಗಿಸಿ ಬೆರಳೊತ್ತಿದರೆ ಕೆಂಪು ದೀಪ ಹತ್ತುತ್ತದೆ, ಹತ್ತದಿದ್ದರೆ ಕರೆಂಟ್ ಇಲ್ಲ ಎಂದು ಅವನ ಕೈ ಕಲಿತಿದೆ. ನೆಲಕ್ಕೆ ಜೋಡಿಸದ ಡಿಸಿ ಸ್ಟ್ರಿಂಗಿನ ಮೇಲೆ ಆ ದೀಪವನ್ನು ನಂಬುವಂತಿಲ್ಲ. ದೀಪ ಹತ್ತದೆಯೂ ಎರಡು ತಂತಿಗಳ ನಡುವೆ 300 ವೋಲ್ಟ್ ಇರಬಹುದು. ಇಲ್ಲಿ ಬೇಕಾದದ್ದು ಡಿಸಿ ಅಳೆಯುವ ಮಲ್ಟಿಮೀಟರ್ ಮತ್ತು ಡಿಸಿ ಕ್ಲ್ಯಾಂಪ್ ಮೀಟರ್.

ಮನೆಯ ಎಸಿ ವಿದ್ಯುತ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ. ಪ್ಲಗ್ ಕಿತ್ತಾಗ ಹಾರುವ ಕಿಡಿ ಆ ಸೊನ್ನೆಯ ಗಳಿಗೆಯಲ್ಲಿ ಆರಿಹೋಗುತ್ತದೆ. ಡಿಸಿಗೆ ಅಂಥ ಗಳಿಗೆಯೇ ಇಲ್ಲ. ವಿದ್ಯುತ್ ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಎರಡು ಲೋಹಗಳ ನಡುವೆ ಕಿಡಿ ನಿಂತುಬಿಡುತ್ತದೆ, ಸಾವಿರಾರು ಡಿಗ್ರಿ ಶಾಖದಲ್ಲಿ ಪ್ಲಾಸ್ಟಿಕ್ಕನ್ನೂ ಬೆರಳನ್ನೂ ಸುಡುತ್ತದೆ. ಇದಕ್ಕಿಂತ ಮೋಸದ ಸಂಗತಿ ಇನ್ನೊಂದು. ಮನೆಯಲ್ಲಿ ಫೇಸು ನ್ಯೂಟ್ರಲ್ಲು ತಾಗಿದರೆ ನೂರಾರು ಆಂಪಿಯರ್ ನುಗ್ಗಿ ಎಂಸಿಬಿ ಟಪ್ಪನೆ ಬೀಳುತ್ತದೆ. ಪ್ಯಾನೆಲ್‌ನ ಎರಡು ತಂತಿ ತಾಗಿದರೆ? ದುಡಿಯುವಾಗ 13 ಆಂಪಿಯರ್ ಕೊಡುವ ಪ್ಯಾನೆಲ್ ಶಾರ್ಟ್ ಆದಾಗ ಕೊಡುವುದು 14ಕ್ಕೂ ಕಡಿಮೆ. ಯಾವ ಎಂಸಿಬಿಗೂ ಫ್ಯೂಸಿಗೂ ಅದು ತಪ್ಪೆಂದು ಗೊತ್ತಾಗುವುದಿಲ್ಲ. ಸ್ಟ್ರಿಂಗು ಬಿಸಿಲಿರುವವರೆಗೂ ಆ ಶಾರ್ಟಿಗೇ ವಿದ್ಯುತ್ ಉಣಿಸುತ್ತ ಕೂರುತ್ತದೆ.

2009ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನ ಒಂದು ದೊಡ್ಡ ಮಳಿಗೆಯ ಮೇಲೆ ಬೆಂಕಿ ಹತ್ತಿದ್ದು ಹೀಗೆಯೇ. ಒಂದು ಕೇಬಲಿನ ಹೊದಿಕೆ ಸವೆದು ಅರ್ಥಿಂಗಿಗೆ ತಾಗಿತ್ತು. ರಕ್ಷಣಾ ಸಾಧನ ಹಿಡಿಯಲಾರದಷ್ಟು ಸಣ್ಣ ದೋಷವದು. ಮುಂದೆ ಎರಡನೆಯ ದೋಷ ಹುಟ್ಟಿತು. ಮೊದಲನೆಯದು ಆಗಲೇ ಹಾದಿ ಮಾಡಿಕೊಟ್ಟಿದ್ದರಿಂದ ವಿದ್ಯುತ್ ಆ ಹಾದಿಯಲ್ಲಿ ನುಗ್ಗಿತು. ಸೌರ ಉದ್ಯಮದವರು ರಕ್ಷಣಾ ಸಾಧನದ ಆ ಕುರುಡು ಜಾಗವನ್ನು ಆಮೇಲೆ ವರ್ಷಗಟ್ಟಲೆ ಚರ್ಚಿಸಿದರು. ಮಲೆನಾಡಿನಲ್ಲಿ ಕೋತಿ ಎಳೆದಾಡಿದ, ಅಳಿಲು ಕಡಿದ ಕೇಬಲನ್ನು ಇನ್ಸುಲೇಷನ್ ಟೇಪು ಸುತ್ತಿ ಬಿಟ್ಟವರು ಬೇಕರ್ಸ್‌ಫೀಲ್ಡ್ ಹೆಸರು ಕೇಳಿರಬೇಕಾಗಿಲ್ಲ. ಆದರೆ ಅಲ್ಲಿನ ಮೊದಲ ದೋಷ ಅವರ ತಾರಸಿಯ ಮೇಲೂ ಕೂತಿದೆ.

ಬೆಂಕಿಯ ಮೂಲ ಹೆಚ್ಚಾಗಿ ಹೆಬ್ಬೆರಳ ಗಾತ್ರದ ಕನೆಕ್ಟರಿನಲ್ಲಿರುತ್ತದೆ. ಎಂಸಿ4 ಎಂದು ಎಲ್ಲರೂ ಕರೆಯುವ ಆ ಜೋಡಣೆ ಸ್ವಿಟ್ಜರ್ಲೆಂಡಿನ ಮಲ್ಟಿ-ಕಾಂಟ್ಯಾಕ್ಟ್ ಕಂಪನಿ ರೂಪಿಸಿದ್ದು; ನಾಲ್ಕು ಎಂಬುದು ಒಳಗಿನ ಪಿನ್ನಿನ ಮಿಲಿಮೀಟರ್ ಅಳತೆ. ನೋಡಲು ಅದರಂತೆಯೇ ಇರುವ ಹತ್ತಾರು ಕಂಪನಿಗಳ ಕನೆಕ್ಟರ್‌ಗಳು ಪೇಟೆಯಲ್ಲಿವೆ. ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಟಿಕ್ ಎಂದು ಸದ್ದೂ ಬರುತ್ತದೆ. ಒಳಗಿನ ಲೋಹದ ಲೇಪ, ಹಿಡಿತ, ಅಳತೆಯ ಸೂಕ್ಷ್ಮಗಳು ಬೇರೆ ಬೇರೆ. ತಯಾರಕರೇ ಒಂದು ಕಂಪನಿಯ ಗಂಡಿಗೆ ಇನ್ನೊಂದರ ಹೆಣ್ಣನ್ನು ಜೋಡಿಸಬೇಡಿ ಎನ್ನುತ್ತಾರೆ. ಸಂಪರ್ಕ ಸಡಿಲವಾಗಿ ಹತ್ತನೇ ಒಂದು ಓಮ್ ಪ್ರತಿರೋಧ ಹುಟ್ಟಿತೆನ್ನಿ. 13 ಆಂಪಿಯರ್ ಹರಿದಾಗ ಅಲ್ಲಿ ಹುಟ್ಟುವ ಶಾಖ ಸುಮಾರು 17 ವ್ಯಾಟ್. ರೇಡಿಯೊ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟ್‌ನದು ಎಂಬುದನ್ನು ನೆನೆದರೆ ಆ ಪ್ಲಾಸ್ಟಿಕ್ ಗೂಡಿನೊಳಗೆ ಏನಾಗುತ್ತದೆಂದು ತಿಳಿಯುತ್ತದೆ. ಸರಿಯಾದ ಕ್ರಿಂಪಿಂಗ್ ಟೂಲ್ ಬದಲು ಕಟಿಂಗ್ ಪ್ಲೇಯರ್‌ನಿಂದ ಪಿನ್ ಒತ್ತುವ ಅಭ್ಯಾಸ ಈ ಪ್ರತಿರೋಧವನ್ನು ಮೊದಲ ದಿನವೇ ಕಟ್ಟಿಕೊಡುತ್ತದೆ.

ದೊಡ್ಡವರ ಮನೆಯೂ ಇದಕ್ಕೆ ಹೊರತಲ್ಲ. 2019ರ ಆಗಸ್ಟಿನಲ್ಲಿ ವಾಲ್‌ಮಾರ್ಟ್ ಸಂಸ್ಥೆ ತನ್ನ ಏಳು ಮಳಿಗೆಗಳ ಮೇಲಿನ ಬೆಂಕಿಗಳಿಗೆ ಟೆಸ್ಲಾದ ಸೌರ ಘಟಕಗಳ ಅಜಾಗರೂಕ ಜೋಡಣೆ, ನಿರ್ವಹಣೆಯೇ ಕಾರಣವೆಂದು ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋಯಿತು. ಅದೇ ನವೆಂಬರಿನಲ್ಲಿ ಇಬ್ಬರೂ ರಾಜಿಯಾದ್ದರಿಂದ ಆರೋಪ ವಿಚಾರಣೆಯವರೆಗೆ ಬರಲಿಲ್ಲ.

ಕ್ರಮ ಎಂದದ್ದು ಏನೆಂದು ಈಗ ಬಿಡಿಸಿ ಹೇಳಬಹುದು. ಮೊದಲು ಸ್ಟ್ರಕ್ಚರ್, ಅದರ ಅರ್ಥಿಂಗ್. ಆಮೇಲೆ ಇನ್ವರ್ಟರ್, ಡಿಸಿ ಮತ್ತು ಎಸಿ ಪೆಟ್ಟಿಗೆಗಳು, ಎಲ್ಲವೂ ಆಫ್ ಸ್ಥಿತಿಯಲ್ಲಿ. ಕೆಳಗಿನಿಂದ ಮೇಲೆ ಎಳೆದ ಕೇಬಲಿನ ತುದಿಗಳಿಗೆ ಮುಚ್ಚಳ. ಇಷ್ಟಾದ ಮೇಲೆ ಪ್ಯಾನೆಲ್ ಕೂರಿಸಿ ಒಂದಕ್ಕೊಂದು ಕೂಡಿಸುತ್ತ ಹೋಗಬೇಕು, ಆದರೆ ಸರಪಳಿಯ ನಡುವೆ ಒಂದು ಕೊಂಡಿಯನ್ನು ಬೇಕೆಂದೇ ಬಿಟ್ಟಿರಬೇಕು. ಆ ಕೊಂಡಿ ಬಿಡಿಯಾಗಿರುವವರೆಗೆ ಕೆಳಗಿನ ಪೆಟ್ಟಿಗೆಯಲ್ಲಿ ಕೈಯಾಡಿಸುವವನಿಗೆ ಪೂರ್ತಿ 300 ವೋಲ್ಟ್ ಎದುರಾಗುವುದಿಲ್ಲ. ಕೊನೆಗೆ ಡಿಸಿ ಕಡೆಯನ್ನು ಬೇರ್ಪಡಿಸುವ ಐಸೊಲೇಟರ್ ಆಫ್ ಇಟ್ಟೇ ಆ ಕೊಂಡಿ ಕೂಡಿಸಿ, ಧನ ಋಣ ನೋಡಿ, ವೋಲ್ಟೇಜ್ ಆರು ಪ್ಯಾನೆಲ್‌ಗಳ ಲೆಕ್ಕಕ್ಕೆ ತಾಳೆಯಾಗಿದೆಯೇ ಎಂದು ಅಳೆದು, ಆಮೇಲೆ ಚಾಲೂ ಮಾಡುವುದು. ಬಿಚ್ಚುವಾಗ ಇದರ ತಿರುಗುಮುರುಗು: ಮೊದಲು ಎಸಿ ಕಡೆ ಆಫ್, ನಂತರ ಡಿಸಿ ಐಸೊಲೇಟರ್, ಇನ್ವರ್ಟರಿನ ಒಳಗಿನ ಕೆಪಾಸಿಟರ್‌ಗಳು ಬರಿದಾಗಲು ಅದರ ಲೇಬಲ್ ಮೇಲೆ ಬರೆದಷ್ಟು ಹೊತ್ತು ಕಾಯುವುದು, ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ ಸೊನ್ನೆ ಎಂದು ಕಂಡ ಮೇಲಷ್ಟೇ ಕನೆಕ್ಟರಿಗೆ ಕೈ. ಇದರಲ್ಲಿ ಕಷ್ಟದ್ದೇನೂ ಇಲ್ಲ. ದಿನಕ್ಕೆ ಎರಡು ಮನೆ ಮುಗಿಸಬೇಕಾದ ತಂಡಕ್ಕೆ ಮಾತ್ರ ಇದು ಉದ್ದವಾಯಿತೆನಿಸುತ್ತದೆ.

ಸಾಧನ ಹೆಚ್ಚಿಸಿದರೆ ಸುರಕ್ಷತೆ ಹೆಚ್ಚುತ್ತದೆ ಎಂದು ನಂಬುವವರಿಗೆ ಆಸ್ಟ್ರೇಲಿಯಾದ ಕಥೆ ಹೇಳಬೇಕು. ಅಲ್ಲಿ ತಾರಸಿಯ ಮೇಲೆ ಪ್ಯಾನೆಲ್ ಪಕ್ಕದಲ್ಲೇ ಒಂದು ಡಿಸಿ ಐಸೊಲೇಟರ್ ಇರಲೇಬೇಕೆಂದು ನಿಯಮ ಮಾಡಿದರು. ಉದ್ದೇಶ ಒಳ್ಳೆಯದೇ. ಆದರೆ ಬಿಸಿಲು ಮಳೆಗೆ ಬಿದ್ದ ಆ ಪೆಟ್ಟಿಗೆಗಳ ಸೀಲು ಸವೆದು, ಒಳಗೆ ನೀರು ಹೊಕ್ಕು, ಅವೇ ಹೊತ್ತಿಕೊಳ್ಳತೊಡಗಿದವು. ಸೌರ ಘಟಕಗಳ ಬೆಂಕಿಯಲ್ಲಿ ದೊಡ್ಡ ಪಾಲು ಅವುಗಳದೇ ಎಂದು ಅಗ್ನಿಶಾಮಕದವರು ಹೇಳಿದರು. 2021ರ ಮಾನಕದಲ್ಲಿ ಆ ಕಡ್ಡಾಯವನ್ನು ಕೈಬಿಟ್ಟರು. ನಮ್ಮಲ್ಲಿ ಇದರ ಸೋದರನೊಬ್ಬನಿದ್ದಾನೆ: ಡಿಸಿ ಪೆಟ್ಟಿಗೆಯೊಳಗೆ ಕೂರಿಸಿದ ಮಾಮೂಲಿ ಎಸಿ ಎಂಸಿಬಿ. ನೂರಿನ್ನೂರು ರೂಪಾಯಿ ಉಳಿಯುತ್ತದೆ, ಕಿಡಿ ಆರಿಸುವ ಶಕ್ತಿ ಇರುವುದಿಲ್ಲ. ಡಿಸಿ ಎಂಸಿಬಿಯಲ್ಲೂ ಕೆಲವಕ್ಕೆ ಧನ ಋಣ ಗೊತ್ತುಮಾಡಿರುತ್ತದೆ. ತಿರುವಿ ಕೂಡಿಸಿದರೆ ಆಫ್ ಮಾಡುವ ಗಳಿಗೆಯಲ್ಲೇ ಸುಡುತ್ತವೆ.

ಗಾಳಿಯ ಸೂತ್ರಕ್ಕೆ ಮತ್ತೊಮ್ಮೆ ಬರಬೇಕು, ಏಕೆಂದರೆ ಕೆಲಸ ಮುಗಿಸಿ ತಂಡ ಹೊರಟ ಮೇಲೂ ಗಾಳಿ ಇರುತ್ತದೆ. ಅದೇ ಐಎಸ್ 875 ಮಾನಕ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ವೇಗ ಗೊತ್ತುಮಾಡಿದೆ. ವ್ಯತ್ಯಾಸ ಆರೇ ಮೀಟರ್ ಎನಿಸುತ್ತದೆ. ವರ್ಗ ಮಾಡಿ ನೋಡಿದರೆ ಒತ್ತಡ ಶೇ 40ರಷ್ಟು ಹೆಚ್ಚು. ಕಟ್ಟಡದ ಎತ್ತರ, ಓರೆ ಮುಂತಾದ ಗುಣಕಗಳನ್ನು ಬಿಟ್ಟರೂ ಬೆಂಗಳೂರಿನಲ್ಲಿ ಒಂದೊಂದು ಪ್ಯಾನೆಲ್ ಮೇಲೆ 170 ಕೆ.ಜಿ.ಯಷ್ಟು, ಆರರ ಮೇಲೆ ಒಂದು ಟನ್ನಿಗೂ ಮಿಗಿಲಾದ ಬಲ. ನಾಲ್ಕು ಕಾಂಕ್ರೀಟ್ ಇಟ್ಟಿಗೆಯ ಮೇಲೆ ಸ್ಟ್ರಕ್ಚರ್ ಕೂರಿಸಿ, ತಾರಸಿಗೆ ತೂತು ಕೊರೆದರೆ ಸೋರುತ್ತದೆಂದು ಹೆದರುವ ಮನೆಯ ಯಜಮಾನರು ಈ ಲೆಕ್ಕವನ್ನೊಮ್ಮೆ ಮಾಡಬೇಕು. ಆಳೆತ್ತರಕ್ಕೆ ಕಂಬ ಎತ್ತಿ ಕೆಳಗೆ ಕೂರಲು ನೆರಳು ಮಾಡಿಕೊಳ್ಳುವವರು ಎರಡು ಸಲ ಮಾಡಬೇಕು. ಕರಾವಳಿಯಲ್ಲಿ ಇದರ ಜೊತೆಗೆ ಉಪ್ಪುಗಾಳಿ: ಅಲ್ಯೂಮಿನಿಯಂ ಫ್ರೇಮಿಗೆ ಮಾಮೂಲಿ ಕಬ್ಬಿಣದ ಬೋಲ್ಟು ಹಾಕಿದರೆ ಕೆಲವೇ ಮಳೆಗಾಲದಲ್ಲಿ ಎರಡೂ ತಿಂದುಹೋಗುತ್ತವೆ, ಸ್ಟೇನ್‌ಲೆಸ್ ಸ್ಟೀಲೇ ಬೇಕು.

ಕರೆಂಟ್ ಹೋದಾಗ ಸೋಲಾರೂ ನಿಂತುಹೋಗುತ್ತದೆ ಎಂಬುದು ಹೊಸದಾಗಿ ಹಾಕಿಸಿದವರೆಲ್ಲರ ದೂರು. ಅದು ದೋಷವಲ್ಲ, ಕಂಬದ ಮೇಲಿರುವ ಪವರ್‌ಮ್ಯಾನ್‌ನ ಜೀವರಕ್ಷೆ. ಗ್ರಿಡ್ ಸತ್ತೊಡನೆ ಇನ್ವರ್ಟರ್ ತಾನೂ ಕಳಚಿಕೊಳ್ಳಬೇಕೆಂಬುದು ನಿಯಮ. ಇದನ್ನು ದಾಟಲು ಯುಪಿಎಸ್, ಜನರೇಟರ್‌ಗಳಿಂದ ಉಪಾಯ ಹೂಡುವವರು ಯಾರದೋ ಗಂಡನ, ಮಗನ ಜೀವದ ಮೇಲೆ ಪ್ರಯೋಗ ಮಾಡುತ್ತಿರುತ್ತಾರೆ.

ಅಗ್ನಿಶಾಮಕದವರ ಕಷ್ಟ ಬೇರೆ. 2013ರ ಸೆಪ್ಟೆಂಬರ್ 1ರಂದು ನ್ಯೂಜೆರ್ಸಿಯ ಡೆಲಾಂಕೊದಲ್ಲಿ ಆಹಾರ ಕಂಪನಿಯೊಂದರ ದೊಡ್ಡ ಉಗ್ರಾಣ ಹೊತ್ತಿತು. ಮೇಲೆ 7,000ಕ್ಕೂ ಹೆಚ್ಚು ಪ್ಯಾನೆಲ್‌ಗಳಿದ್ದವು. ವಿದ್ಯುದಾಘಾತದ ಭಯದಿಂದ ಸಿಬ್ಬಂದಿ ಛಾವಣಿ ಹತ್ತಲಾರದೆ ಹೋದರು, ಕಟ್ಟಡ ಉಳಿಯಲಿಲ್ಲ. ಅದಕ್ಕೂ ಮುಂಚೆ, 2011ರಲ್ಲಿ, ಅಮೆರಿಕದ ಯುಎಲ್ ಸಂಸ್ಥೆ ಪ್ರಯೋಗ ಮಾಡಿ ನೀರಿನ ಧಾರೆ ಹಾಯಿಸುವವರು 20 ಅಡಿ ದೂರ ನಿಲ್ಲಬೇಕೆಂದೂ, ಟಾರ್ಪಾಲು ಹೊದಿಸಿದರೆ ವಿದ್ಯುತ್ ನಿಂತಿತೆಂದು ನಂಬಬಾರದೆಂದೂ ಹೇಳಿತ್ತು. ತೆಳು ಟಾರ್ಪಾಲಿನೊಳಗೂ ಬೆಳಕು ಇಳಿಯುತ್ತದೆ. ಅಮೆರಿಕದ ವಿದ್ಯುತ್ ಸಂಹಿತೆ ಈಗ ಕಟ್ಟಡದ ಮೇಲಿನ ಘಟಕಗಳಿಗೆ ತುರ್ತು ಸ್ಥಗಿತವನ್ನು ಕಡ್ಡಾಯ ಮಾಡಿದೆ. 30 ಸೆಕೆಂಡಿನೊಳಗೆ ಪ್ಯಾನೆಲ್‌ಗಳ ನಡುವಿನ ವೋಲ್ಟೇಜ್ 80ಕ್ಕೆ ಇಳಿಯಬೇಕೆಂಬುದು 2017ರ ಆವೃತ್ತಿಯ ಒಂದು ದಾರಿ. ಪ್ಯಾನೆಲ್‌ಗೆ ಹುಟ್ಟಿನಿಂದ ಇಲ್ಲದ ಸ್ವಿಚ್ಚನ್ನು ಹೊರಗಿನಿಂದ ಅಂಟಿಸುವ ಪ್ರಯತ್ನ ಅದು. ನಮ್ಮ ಮನೆಗಳಿಗೆ ಸದ್ಯಕ್ಕೆ ಅದು ದುಬಾರಿ. ಮೀಟರ್ ಬೋರ್ಡಿನ ಬಳಿ ‘ಈ ಮನೆಯ ಮೇಲೆ ಸೋಲಾರ್ ಇದೆ, ಡಿಸಿ ಐಸೊಲೇಟರ್ ಇಲ್ಲಿದೆ’ ಎಂದು ಕನ್ನಡದಲ್ಲಿ ಬರೆದ ಒಂದು ಫಲಕಕ್ಕೆ ಹೆಚ್ಚು ಖರ್ಚಿಲ್ಲ.

ಅವಸರದ ಸಹಾಯಧನ ಏನು ಮಾಡೀತೆಂಬುದಕ್ಕೆ ಮತ್ತೆ ಆಸ್ಟ್ರೇಲಿಯಾವೇ ಸಾಕ್ಷಿ, ಸೋಲಾರ್ ವಿಷಯದಲ್ಲಲ್ಲ. 2009ರಲ್ಲಿ ಅಲ್ಲಿನ ಸರ್ಕಾರ ಮನೆಗಳ ಸೂರಿನಡಿ ಶಾಖನಿರೋಧಕ ಹಾಸಲು ಹಣ ಕೊಟ್ಟಿತು. ತರಬೇತಿಯಿಲ್ಲದ ಹುಡುಗರು ಸಾಲುಸಾಲಾಗಿ ಸೂರು ಹತ್ತಿದರು. ನಾಲ್ವರು ಯುವಕರು ಸತ್ತರು, ಮೂವರು ವಿದ್ಯುತ್ ತಗುಲಿ, ಒಬ್ಬ ಬಿಸಿಲಿನ ಝಳಕ್ಕೆ. 2010ರಲ್ಲಿ ಯೋಜನೆ ನಿಂತಿತು, 2014ರಲ್ಲಿ ರಾಯಲ್ ಕಮಿಷನ್ ವರದಿ ಬಂತು. ಭಾರತದಲ್ಲಿ 2015ರಿಂದ ‘ಸೂರ್ಯಮಿತ್ರ’ ಹೆಸರಿನ ತರಬೇತಿ ನಡೆಯುತ್ತಿದೆ, 600 ಗಂಟೆಗಳದ್ದು. ಮನೆಗೆ ಬಂದ ತಂಡದಲ್ಲಿ ಅದನ್ನು ಮುಗಿಸಿದವರು ಯಾರಾದರೂ ಇದ್ದಾರೆಯೇ ಎಂದು ಕೇಳುವುದು ಅವಮಾನವಲ್ಲ. ಯೋಜನೆಯ ನೋಂದಾಯಿತ ಮಾರಾಟಗಾರರು ಐದು ವರ್ಷ ನಿರ್ವಹಣೆ ಮಾಡಿಕೊಡಬೇಕೆಂಬುದನ್ನೂ ನೆನಪಿಡಬೇಕು.

ಆ ಐದು ವರ್ಷ ಕಳೆದ ಮೇಲಿನ ಒಂದು ಸಂದರ್ಭವನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲ. ತಾರಸಿ ಸೋರುತ್ತದೆ, ವಾಟರ್‌ಪ್ರೂಫಿಂಗ್ ಮಾಡಿಸಬೇಕು. ಬಣ್ಣದವರಿಗೇ ‘ಆ ಪ್ಲೇಟುಗಳನ್ನು ಸ್ವಲ್ಪ ಪಕ್ಕಕ್ಕಿಡಿ’ ಎನ್ನುತ್ತಾರೆ. ನಡುಮಧ್ಯಾಹ್ನ, ಒದ್ದೆ ತಾರಸಿ, ಇನ್ವರ್ಟರ್ ದುಡಿಯುತ್ತಿದೆ, ಕನೆಕ್ಟರ್ ಏನೆಂದು ಗೊತ್ತಿಲ್ಲದವರ ಕೈ. ಹಾಕುವಾಗ ಇದ್ದ ಮೀಟರೂ ಇಲ್ಲ, ತಂಡವೂ ಇಲ್ಲ. ಗಾಜು ಒಡೆದರೂ ಪ್ಯಾನೆಲ್ ಸಾಯುವುದಿಲ್ಲ, ಬಿರುಕಿನೊಳಗೆ ನೀರಿಳಿದರೆ ಫ್ರೇಮಿಗೇ ವಿದ್ಯುತ್ ಬರಬಹುದು. ಒಡೆದ ಪ್ಯಾನೆಲನ್ನು ರಬ್ಬರ್ ಗ್ಲೌಸ್ ಹಾಕಿ, ಅಳೆದು ಬಿಚ್ಚಿ, ಮುಖ ಕೆಳಗಾಗಿ ಮಲಗಿಸಿ ದಪ್ಪ ರಟ್ಟು ಮುಚ್ಚಿಡಬೇಕು. ಗುಜರಿಗೆ ಹಾಕುವಂತಿಲ್ಲ, 2022ರ ಇ-ತ್ಯಾಜ್ಯ ನಿಯಮಗಳು ಸೌರ ಪ್ಯಾನೆಲನ್ನೂ ಒಳಗೊಂಡಿವೆ, ಹಳೆಯದನ್ನು ಹೊಣೆಯಿಂದ ಸಂಗ್ರಹಿಸಿಡುವ ಭಾರ ತಯಾರಕರದು. ಬಿಲ್ಲು, ವಾರಂಟಿ ಕಾಗದ, ಪ್ಯಾನೆಲ್‌ನ ಸೀರಿಯಲ್ ನಂಬರುಗಳ ಫೋಟೊ ಮನೆಯ ಪತ್ರಗಳ ಜೊತೆಗೇ ಇದ್ದರೆ ಆ ತಯಾರಕರನ್ನು ಆಮೇಲೆ ಹುಡುಕುವುದು ಸುಲಭ.